ಕರೆಂಟ್ ಬಿಲ್ಲಿನ ಕೊನೆಯ ಸಾಲು

ಮನೆಗೆ ಬರುವ ಕಾಗದಗಳಲ್ಲೆಲ್ಲ ಯಾರೂ ಪ್ರೀತಿಯಿಂದ ಓದದ ಕಾಗದವೆಂದರೆ ಕರೆಂಟ್ ಬಿಲ್ಲು. ಮದುವೆ ಕಾಗದ ಬಂದರೆ ನಮ್ಮ ಹೆಸರು ಸರಿಯಾಗಿ ಬರೆದಿದ್ದಾರೋ ಇಲ್ಲವೋ ನೋಡುತ್ತೇವೆ. ಬ್ಯಾಂಕಿನ ನೋಟಿಸು ಬಂದರೆ ಎರಡೆರಡು ಸಲ ಓದಿ ದಿಂಬಿನಡಿ ಇಡುತ್ತೇವೆ. ಕರೆಂಟ್ ಬಿಲ್ಲು ಬಂದರೆ ಮಾತ್ರ ಕಣ್ಣು ಸೀದಾ ಕೆಳಗಿನ ಮೊತ್ತಕ್ಕೆ ಹೋಗಿ, ಅಲ್ಲಿಂದ ಎದ್ದು ಮನೆಯವರ ಮೇಲೆ ಬೀಳುತ್ತದೆ. "ಗೀಸರ್ ಆಫ್ ಮಾಡದೆ ಬಿಟ್ಟೋರು ಯಾರು?" ಅಪರಾಧಿ ಸಿಕ್ಕಿದ ಮೇಲೆ ಬಿಲ್ಲಿನ ಉಳಿದ ಸಾಲುಗಳಿಗೆ ಬೆಲೆಯಿಲ್ಲ.

ಆ ಚೀಟಿಯನ್ನು ನಮ್ಮ ಕೈಗೆ ತಲುಪಿಸುವವನ ಪಾಡು ನೋಡಿದರೆ ಒಂದಿಷ್ಟು ಗೌರವ ಕೊಡಬೇಕು ಅನಿಸುತ್ತದೆ. ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಮೀಟರ್ ರೀಡರ್ ನಮ್ಮ ಏರು ದಾರಿ ಹತ್ತಿ ಬರುವುದನ್ನು ಜಗಲಿಯಲ್ಲಿ ಕೂತು ನೋಡಬೇಕು. ಕೊಡೆಯ ಹಿಡಿ ಕುತ್ತಿಗೆ ಮತ್ತು ಭುಜದ ಸಂದಿಯಲ್ಲಿ, ಬಿಲ್ಲಿನ ಮಷೀನು ಪ್ಲಾಸ್ಟಿಕ್ ಕವರಿನಲ್ಲಿ, ಕಾಲಿಗೆ ಗಂಬೂಟು, ಗಂಬೂಟಿನೊಳಗೆ ಹೇಗೋ ದಾರಿ ಮಾಡಿಕೊಂಡ ಎರಡು ಜಿಗಣೆ. ನಾಯಿ ಕಟ್ಟಿದೆಯೇ ಎಂದು ಗೇಟಿನಿಂದಲೇ ಕೂಗಿ, ಮೀಟರಿನ ಅಂಕಿಯನ್ನು ಬಗ್ಗಿ ಓದಿ, ಗುಂಡಿ ಒತ್ತುತ್ತಾನೆ. ಚೀಟಿ ಮಷೀನಿನಿಂದ ಹೊರಬರುವಷ್ಟರಲ್ಲಿ ಅರ್ಧ ಒದ್ದೆಯಾಗಿರುತ್ತದೆ. ಕಿಟಕಿಯ ಸರಳಿಗೆ ಸಿಕ್ಕಿಸಿ ಹೋದರೆ, ಒಲೆಯ ಹತ್ತಿರ ಒಣಗಿಸಿ ಓದಬೇಕು. ಬಿಸಿ ಹೆಚ್ಚಾದರೆ ಕಾಗದವೆಲ್ಲ ಕಪ್ಪಾಗಿ, ಆ ತಿಂಗಳ ಬಿಲ್ಲು ಎಷ್ಟೆಂದು ಫೋನ್‌ಪೇಯನ್ನೇ ಕೇಳಬೇಕು.

ನಮಗೆ ಕರೆಂಟು ಕೊಡುತ್ತಿರುವುದು 2005ರಿಂದ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಆದರೆ ಊರಿನಲ್ಲಿ ಇವತ್ತಿಗೂ ಎಲ್ಲರ ಬಾಯಲ್ಲಿ ಅದು ಕೆಇಬಿಯೇ. 1957ರಲ್ಲಿ ಹುಟ್ಟಿದ ಆ ಮಂಡಳಿ 1999ರಲ್ಲೇ ಹೆಸರು ಬದಲಿಸಿಕೊಂಡಿತು. ಇರಲಿ, ತಂತಿ ಹಳೆಯದೇ ಇರುವಾಗ ಹೆಸರು ಹೊಸದೇಕೆ ಎಂಬುದು ನಮ್ಮವರ ವಾದ.

ಒಮ್ಮೆ ಪುರುಸೊತ್ತಾಗಿ ಕೂತು ಬಿಲ್ಲಿನ ಎಲ್ಲ ಸಾಲುಗಳನ್ನೂ ಓದಿದೆ. ನಿಗದಿತ ಶುಲ್ಕ, ಬಳಸಿದ ಯೂನಿಟ್ಟಿನ ಶುಲ್ಕ, ಇಂಧನ ಹೊಂದಾಣಿಕೆ, ಅದರ ಮೇಲೆ ತೆರಿಗೆ. 2025ರ ಏಪ್ರಿಲ್‌ನಿಂದ ವಿದ್ಯುತ್ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಒಂದು ಶುಲ್ಕ, ಮೊದಲ ವರ್ಷ ಯೂನಿಟ್ಟಿಗೆ 36 ಪೈಸೆ. ಎಲ್ಲಕ್ಕಿಂತ ಕೆಳಗೆ, ಯಾರ ಕಣ್ಣಿಗೂ ಬೀಳದ ಒಂದು ಲೆಕ್ಕ: ಮೊತ್ತವನ್ನು ರೂಪಾಯಿಗೆ ಸರಿಮಾಡುವುದು. ಐವತ್ತು ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ರೂಪಾಯಿ, ಕಡಿಮೆಯಿದ್ದರೆ ಪೈಸೆ ಬಿಟ್ಟು ಹಿಂದಿನ ರೂಪಾಯಿ. ಒಂದು ತಿಂಗಳು ನಮಗೆ ಇಪ್ಪತ್ತು ಪೈಸೆ ಲಾಭ, ಇನ್ನೊಂದು ತಿಂಗಳು ಅವರಿಗೆ. ವರ್ಷದ ಕೊನೆಗೆ ಇಬ್ಬರೂ ಸಮಸಮ. ಈ ಚಿಲ್ಲರೆಯಿಂದ ಯಾರೂ ಬಡವಾಗಲಿಲ್ಲ, ಯಾರೂ ಉದ್ಧಾರವೂ ಆಗಲಿಲ್ಲ.

ಇದೇ ಚಿಲ್ಲರೆ ಸಾಲಿನ ಮೇಲೆ ಅಮೆರಿಕದಲ್ಲಿ ಯಾರದೋ ಕಣ್ಣು ಬಿತ್ತು. ದಕ್ಷಿಣ ಕೆರೊಲಿನಾದ ಪಾಲ್ಮೆಟ್ಟೊ ಎಂಬ ವಿದ್ಯುತ್ ಸಹಕಾರ ಸಂಘ 1989ರಲ್ಲಿ ತನ್ನ ಸದಸ್ಯರ ಮುಂದೆ ಒಂದು ಮಾತಿಟ್ಟಿತು. ನಿಮ್ಮ ಬಿಲ್ಲು ಎಷ್ಟೇ ಬರಲಿ, ಅದನ್ನು ಮುಂದಿನ ಪೂರ್ತಿ ಡಾಲರಿಗೆ ಏರಿಸುತ್ತೇವೆ, ಮೇಲಿನ ಚಿಲ್ಲರೆ ಊರಿನ ಕಷ್ಟಕ್ಕೆ. ಕೊಡುವುದು ಹೆಚ್ಚೆಂದರೆ ತಿಂಗಳಿಗೆ 99 ಸೆಂಟ್, ವರ್ಷಪೂರ್ತಿ ಸೇರಿಸಿದರೂ 12 ಡಾಲರಿನೊಳಗೆ. ಆ ದುಡ್ಡು ಸಂಘದ ಪೆಟ್ಟಿಗೆಗೆ ಹೋಗುವುದಿಲ್ಲ. ಸಂಬಳವಿಲ್ಲದ ಊರವರೇ ಇರುವ ಪ್ರತ್ಯೇಕ ಟ್ರಸ್ಟಿಗೆ ಹೋಗುತ್ತದೆ. ಮನೆ ಸುಟ್ಟವರು, ಕನ್ನಡಕ ಕೊಳ್ಳಲಾಗದವರು, ಶಾಲೆಗೆ ಪುಸ್ತಕ ಬೇಕಾದವರು ಅರ್ಜಿ ಹಾಕುತ್ತಾರೆ, ಟ್ರಸ್ಟು ಕೂತು ತೀರ್ಮಾನಿಸುತ್ತದೆ. ಈಗ ಆ ದೇಶದ ನೂರಾರು ವಿದ್ಯುತ್ ಸಹಕಾರ ಸಂಘಗಳಲ್ಲಿ ಇದು ನಡೆಯುತ್ತಿದೆ.

ಇದು ಕಂಪನಿಗಳಲ್ಲಿ ಹುಟ್ಟದೆ ಸಹಕಾರ ಸಂಘದಲ್ಲಿ ಹುಟ್ಟಿದ್ದಕ್ಕೆ ಕಾರಣವಿದೆ. 1930ರ ದಶಕದಲ್ಲಿ ಅಲ್ಲಿನ ಹತ್ತು ರೈತರ ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ಕರೆಂಟಿರಲಿಲ್ಲ. ಮೈಲಿಗೆ ಎರಡು ಮನೆಯಿರುವ ಕಡೆ ಕಂಬ ನೆಟ್ಟರೆ ಗಿಟ್ಟುವುದಿಲ್ಲವೆಂದು ಕಂಪನಿಗಳು ಕೈ ಎತ್ತಿದವು. ರೂಸ್ವೆಲ್ಟ್ ಸರಕಾರ 1935ರಲ್ಲಿ ಗ್ರಾಮೀಣ ವಿದ್ಯುತ್ತಿಗೆಂದೇ ಒಂದು ಇಲಾಖೆ ತೆರೆದು, ಮರುವರ್ಷ ಕಾನೂನು ಮಾಡಿ ಸಾಲ ಕೊಟ್ಟ ಮೇಲೆ ರೈತರೇ ಸಂಘ ಕಟ್ಟಿ ತಂತಿ ಎಳೆದರು. ಬಿಲ್ಲು ಕಟ್ಟುವವನೇ ಸಂಘದ ಒಡೆಯ. ತನ್ನ ಅಂಗಡಿಯಲ್ಲಿ ತಾನೇ ಬಿಟ್ಟ ಚಿಲ್ಲರೆ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕು ಅವನಿಗಿದೆ.

ಅಂಥ ಸಂಘ ನಮ್ಮ ರಾಜ್ಯದಲ್ಲೂ ಒಂದಿದೆ, ಒಂದೇ ಒಂದು. ಬೆಳಗಾವಿ ಜಿಲ್ಲೆಯ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. 1969ರಲ್ಲಿ, ಅದೇ ಅಮೆರಿಕದ ವಿದ್ಯುತ್ ಸಹಕಾರಿಗಳ ಸಲಹೆ ಪಡೆದು ದೇಶದಲ್ಲಿ ಪ್ರಯೋಗಕ್ಕೆಂದು ಶುರುಮಾಡಿದ ಐದು ಸಂಘಗಳಲ್ಲಿ ಅದೂ ಒಂದು. ಉಳಿದವು ಮಹಾರಾಷ್ಟ್ರದ ಮುಳಾ ಪ್ರವರಾ, ಗುಜರಾತಿನ ಕೋಡಿನಾರ್, ಈಗಿನ ತೆಲಂಗಾಣದ ಸಿರಿಸಿಲ್ಲ, ಮತ್ತೆ ಲಖನೌ. ಐದರಲ್ಲಿ ಹೆಚ್ಚಿನವು ಕಾಲಕ್ರಮದಲ್ಲಿ ಕಣ್ಣು ಮುಚ್ಚಿದರೂ ಹುಕ್ಕೇರಿ ಉಳಿದುಕೊಂಡಿದೆ. ಅಲ್ಲಿನ ಆಡಳಿತ ಮಂಡಳಿಯ ಚುನಾವಣೆಗೆ ವಿಧಾನಸಭೆ ಚುನಾವಣೆಯಷ್ಟೇ ಕಾವು. ಕರೆಂಟು ತಮ್ಮದೆನಿಸಿದಾಗ ಜನ ಜಗಳವನ್ನೂ ಮನಸ್ಸಿಟ್ಟು ಮಾಡುತ್ತಾರೆ.

ಕೊಡಗಿನಲ್ಲಿ ವಿದ್ಯುತ್ ಸಹಕಾರ ಸಂಘವಿಲ್ಲ. ಅದೊಂದು ಬಿಟ್ಟು ಬೇರೆ ಎಲ್ಲಕ್ಕೂ ಸಂಘವಿದೆ. ಜೇನಿಗೆ ವಿರಾಜಪೇಟೆಯಲ್ಲಿ, ಕಿತ್ತಳೆಗೆ ಗೋಣಿಕೊಪ್ಪಲಿನಲ್ಲಿ, ಸಾಲಕ್ಕೆ ಊರೂರಲ್ಲಿ. ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಧವಸ ಭಂಡಾರ. ಸುಗ್ಗಿಯಲ್ಲಿ ಊರವರು ಭತ್ತವನ್ನು ಒಂದೆಡೆ ಕೂಡಿಡುವುದು, ಮಳೆಗಾಲದಲ್ಲಿ ಕಣಜ ಬರಿದಾದವರು ಇಷ್ಟು ಭಟ್ಟಿ ಎಂದು ಬರೆಸಿ ಒಯ್ಯುವುದು, ಮುಂದಿನ ಸುಗ್ಗಿಗೆ ಅಸಲಿನ ಜೊತೆ ಬಡ್ಡಿಯ ಭತ್ತವನ್ನೂ ಅಳೆದು ಹಾಕುವುದು. ಆ ಬಡ್ಡಿಯೇ ಮುಂದಿನ ವರ್ಷ ಇನ್ನೊಂದು ಮನೆಯ ಗಂಜಿ. ಗದ್ದೆಗಳು ಕಡಿಮೆಯಾದ ಮೇಲೆ ಎಷ್ಟೋ ಭಂಡಾರಗಳು ಭತ್ತ ಬಿಟ್ಟು ದುಡ್ಡಿನ ಸಾಲಕ್ಕೆ ಬಂದಿವೆ, ಬೋರ್ಡಿನ ಮೇಲೆ ಹೆಸರು ಮಾತ್ರ ಹಾಗೇ ಇದೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ಮಳೆಗಾಲದ ಕೊಡಗಿನಲ್ಲಿ ಧೈರ್ಯ ಕೊಡುವುದಿಲ್ಲ, ಹೆದರಿಸುತ್ತದೆ. ತೆನೆಗೂಡಿದರೆ ಬಳ್ಳ ಎಂಬ ಅದರ ಉತ್ತರಾರ್ಧವನ್ನು ನಂಬಿದವರು ಭಂಡಾರ ಕಟ್ಟಿದರು.

ದೊಡ್ಡ ದಾನಕ್ಕೂ ಈ ನೆಲದಲ್ಲಿ ಕೊರತೆಯಿಲ್ಲ. 1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದು ಸುಂಟಿಕೊಪ್ಪದ ಬಳಿ ಗುಂಡುಕುಟ್ಟಿ ಮಂಜುನಾಥಯ್ಯನವರ ತೋಟದಲ್ಲಿ ಉಳಿದಿದ್ದರು. ಅದೇ ತೋಟದಲ್ಲಿದ್ದ ಕತೆಗಾರ್ತಿ ಗೌರಮ್ಮ, ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತರು. ಉಪವಾಸದ ಗುರುವೇ ಉಪವಾಸಕ್ಕೆ ಸೋತು ಬಂದಾಗ, ತಾಳಿ, ಓಲೆ, ಮೂಗುಬೊಟ್ಟು ಬಿಟ್ಟು ಉಳಿದ ಒಡವೆಗಳನ್ನೆಲ್ಲ ನಿಧಿಗೆ ಕೊಟ್ಟುಬಿಟ್ಟರು. ಇಪ್ಪತ್ತೆರಡರ ಆಸುಪಾಸಿನ ವಯಸ್ಸು! ಓದಿದಾಗಲೆಲ್ಲ ಮನಸ್ಸು ತುಂಬುತ್ತದೆ, ಜೊತೆಗೆ ಒಂದಿಷ್ಟು ಸಂಕೋಚವೂ ಆಗುತ್ತದೆ. ಏಕೆಂದರೆ ನಮ್ಮಲ್ಲಿ ಹೆಚ್ಚಿನವರು ಗೌರಮ್ಮ ಅಲ್ಲ. ಬಾಗಿಲಿಗೆ ಮಹಾತ್ಮರೇ ಬಂದರೂ ಒಡವೆ ಬ್ಯಾಂಕಿನ ಲಾಕರಿನಲ್ಲಿದೆ, ಕೀಲಿ ಮಗಳ ಹತ್ತಿರ ಇದೆ ಎನ್ನುವ ಪೈಕಿ. ಅಂಥವರಿಗೂ ಕೊಡಲು ಒಂದು ಸುಲಭದ ದಾರಿ ಬೇಡವೇ?

2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಊರುಗಳೇ ಹೋದಾಗ ನಾಡೆಲ್ಲ ನಮ್ಮ ಕಡೆ ತಿರುಗಿತು. ಅಕ್ಕಿ, ಚಾಪೆ, ಕಂಬಳಿ, ಬಿಸ್ಕೆಟು ಲಾರಿಗಟ್ಟಲೆ ಬಂತು. ಯಾರೋ ಪುಣ್ಯಾತ್ಮರು ಕಳಿಸಿದ ಹಳೇ ಬಟ್ಟೆಯ ಗಂಟುಗಳನ್ನು ಬಿಚ್ಚಿ ವಿಂಗಡಿಸುವುದೇ ಒಂದು ಕೆಲಸವಾಯಿತು. ಆ ಉಪಕಾರವನ್ನು ಮರೆತರೆ ನಾವು ಮನುಷ್ಯರಲ್ಲ. ಆದರೆ ಟಿವಿಯವರು ಗಂಟು ಕಟ್ಟಿ ಹೋದ ಮೇಲೂ ಕಷ್ಟ ಇಲ್ಲೇ ಇರುತ್ತದೆ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರ ಬಸ್ ಚಾರ್ಜು, ಹಾಸ್ಟೆಲಿಗೆ ಸೇರಿದ ಹುಡುಗಿಯ ಟ್ರಂಕು, ಮರ ಬಿದ್ದು ಮುರಿದ ಹತ್ತು ಹಂಚು. ಇಂಥ ಸಣ್ಣ ಕಷ್ಟಕ್ಕೆ ಲಾರಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಸಣ್ಣ ಕಷ್ಟಕ್ಕೆ ಸಣ್ಣ ದುಡ್ಡು ಸಾಕು, ತಿಂಗಳು ತಪ್ಪದೆ ಬರಬೇಕಷ್ಟೆ. ಅಷ್ಟು ತಪ್ಪದೆ ಮನೆಮನೆಗೂ ಬರುವುದು ಕರೆಂಟ್ ಬಿಲ್ಲೊಂದೇ.

ಬಿಲ್ಲನ್ನು ಮುಂದಿನ ಹತ್ತಕ್ಕೆ ಏರಿಸಿ ಕಟ್ಟಿ, ಮೇಲಿನ ಚಿಲ್ಲರೆಯನ್ನು ಊರಿಗೆ ಕೊಡೋಣವೆಂಬ ಆಲೋಚನೆಯನ್ನು ಪಕ್ಕದ ತೋಟದ ಮಾವನ ಮುಂದಿಟ್ಟೆ. ಅವರು ನಮ್ಮ ಸೊಸೈಟಿಯ ಮಹಾಸಭೆಯ ಹುಲಿ. ಎಲ್ಲರೂ ವರದಿ ಪುಸ್ತಕದಲ್ಲಿ ಗಾಳಿ ಬೀಸಿಕೊಂಡು ಮಧ್ಯಾಹ್ನದ ಕೋಳಿ ಸಾರಿನ ವಾಸನೆ ಹಿಡಿಯುತ್ತಿರುವಾಗ, ಕೊನೆಯ ಸಾಲಿನಿಂದ ಎದ್ದು, "ಇತರೆ ಖರ್ಚು ಅಂದ್ರೆ ಯಾವುದು ಸ್ವಾಮಿ?" ಎಂದು ಕೇಳಿ ಊಟವನ್ನು ಅರ್ಧ ಗಂಟೆ ಮುಂದಕ್ಕೆ ಹಾಕುವವರು.

"ಮಾವ, ಬಿಲ್ಲು 742 ಬಂತು ಅನ್ನಿ, 750 ಕಟ್ಟೋದು. ಎಂಟು ರೂಪಾಯಿ ಊರಿಗೆ."

"ಆಹಾ, ಏನು ಬುದ್ಧಿ!" ಎಂದರು. "ತಲಕಾವೇರಿ ನೀರು ಶಿವನಸಮುದ್ರಕ್ಕೆ ಹೋಗಿ, 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟಾಯ್ತು. ಆಗ ನಮಗೆ ಯಾರಾದ್ರೂ ಚಿಲ್ಲರೆ ಕೊಟ್ರಾ? ನೀರು ನಮ್ದು, ಕರೆಂಟು ಅವ್ರದ್ದು, ಬಿಲ್ಲು ತಿರ್ಗಾ ನಮ್ದೇ. ಈಗ ಅದರ ಮೇಲೆ ದಾನ ಬೇರೆ ಮಾಡಬೇಕಾ?"

ಲೆಕ್ಕ ಹೇಳಿದೆ. ಬಿಲ್ಲಿನ ಕೊನೆಯ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಯಾವುದೂ ಇರಬಹುದು, ಹತ್ತಕ್ಕೆ ಏರಿಸಿದರೆ ಸರಾಸರಿ ತಿಂಗಳಿಗೆ ನಾಲ್ಕೂವರೆ ರೂಪಾಯಿ. ವರ್ಷಕ್ಕೆ 54. ಸಾವಿರ ಮನೆ ಒಪ್ಪಿದರೆ 54,000. ಸಂತೆಯಲ್ಲಿ ಮೀನಿಗೆ ಚೌಕಾಸಿ ಮಾಡಿ ಉಳಿಸುವುದಕ್ಕಿಂತ ಕಡಿಮೆ ದುಡ್ಡಿನಲ್ಲಿ ಒಂದೂರು ತನ್ನ ಮಾನ ಉಳಿಸಿಕೊಳ್ಳಬಹುದು.

ಮಾವ ಮೂರು ಪ್ರಶ್ನೆ ಹಾಕಿದರು, ಮೂರೂ ತೂಕದವು. ಮೊದಲನೆಯದು, ನನ್ನನ್ನು ಕೇಳದೆ ಸೇರಿಸಿದರೆ ಅದು ದಾನವೋ ಕಂದಾಯವೋ? ಅಮೆರಿಕದಲ್ಲೂ ಇದೇ ಜಗಳ ಇದೆ. ಕೆಲವು ಸಂಘಗಳು ಎಲ್ಲರನ್ನೂ ಸೇರಿಸಿ, ಬೇಡವಾದವರು ತಿಳಿಸಿ ಎನ್ನುತ್ತವೆ. ಕೆಲವು, ಬೇಕಾದವರು ಮಾತ್ರ ಸಹಿ ಹಾಕಿ ಎನ್ನುತ್ತವೆ. ಮೊದಲನೆಯದರಲ್ಲಿ ದುಡ್ಡು ಹೆಚ್ಚು, ಎರಡನೆಯದರಲ್ಲಿ ಮನಸ್ಸು ಹೆಚ್ಚು. ನನ್ನ ಓಟು ಸಹಿಗೆ. ಕೊಟ್ಟವನಿಗೆ ಕೊಟ್ಟದ್ದು ಗೊತ್ತಿಲ್ಲದಿದ್ದರೆ ಅದು ಪಿಂಚಣಿಯ ಪೈಸೆಯ ಪಕ್ಕದಲ್ಲಿ ಇನ್ನೊಂದು ಸಾಲು ಅಷ್ಟೆ. ಎರಡನೆಯದು, ದುಡ್ಡು ದೂರದ ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಉಳಿದೀತು? ಊರಿನದು ಊರಲ್ಲೇ ಉಳಿಯಬೇಕು, ಯಾರಿಗೆ ಎಷ್ಟು ಎಂದು ಪಂಚಾಯತಿಯ ಗೋಡೆಗೆ ಬರೆಯಬೇಕು. ಅದರಲ್ಲಿ ನಮಗಿಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಮೂರನೆಯ ಪ್ರಶ್ನೆಗೆ ನಾನು ತಡವರಿಸಿದೆ. 2023ರ ಆಗಸ್ಟಿನಿಂದ ಗೃಹಜ್ಯೋತಿ ಯೋಜನೆ ಬಂದು ಎಷ್ಟೋ ಮನೆಗಳಿಗೆ ಬಿಲ್ಲೇ ಸೊನ್ನೆ. "ಸೊನ್ನೆಯನ್ನ ಎಲ್ಲಿಗೆ ಏರಿಸ್ತೀಯ?" ಎಂದರು ಮಾವ. ಲೆಕ್ಕದ ಪ್ರಕಾರ ಸೊನ್ನೆ ಸೊನ್ನೆಯೇ. ಆದರೆ ನಮ್ಮ ತೋಟದ ಲೈನ್ ಮನೆಯಿಂದ ಕೆಲಸಕ್ಕೆ ಬರುವ ಅಕ್ಕ ಇದನ್ನು ಕೇಳಿಸಿಕೊಂಡು, "ಬಿಲ್ಲಿಲ್ಲದೋರು ಹತ್ತು ರೂಪಾಯಿ ಹಾಕಬಾರದು ಅಂತ ಕಾನೂನುಂಟಾ?" ಎಂದಳು. ದೇವಸ್ಥಾನದ ಹುಂಡಿಗೆ ಮೊದಲು ಕಾಸು ಹಾಕುವವರು ಯಾರೆಂದು ಗೊತ್ತಿರುವವರಿಗೆ ಈ ಮಾತು ಹೊಸದಲ್ಲ.

ಅವಳೇ ಇನ್ನೊಂದು ವಿಷಯವನ್ನೂ ನೆನಪಿಸಿದಳು. ಕಾಡಂಚಿನ ಹಾಡಿಗಳಲ್ಲಿ ಅವಳ ನೆಂಟರ ಕೆಲವು ಮನೆಗೆ ಇನ್ನೂ ತಂತಿ ಹೋಗಿಲ್ಲ, ಅಲ್ಲಿ ಯಾವ ಬಿಲ್ಲೂ ಬರುವುದಿಲ್ಲ, ಸೊನ್ನೆಯದೂ ಇಲ್ಲ. ನಾವು ಬಿಲ್ಲು ಬಂತೆಂದು ಗೊಣಗುತ್ತೇವೆ. ಕಂಬ ಹೊತ್ತು ಗುಡ್ಡ ಹತ್ತಿ, ಮಳೆಯಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಹರಿದ ತಂತಿಯನ್ನು ಮತ್ತೆ ಮತ್ತೆ ಕಟ್ಟುವ ಲೈನ್‌ಮ್ಯಾನ್‌ಗಳು ನಮ್ಮ ಮನೆ ತನಕ ಬಂದಿದ್ದಾರೆ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ. ಬಿಲ್ಲು ಬರುವವರು ಬಿಲ್ಲೇ ಬರದವರ ಮನೆಗೆ ಒಂದು ಸೋಲಾರ್ ದೀಪ ಹಾಕಿಸಿದರೆ ಈ ನಿಧಿಯ ಮೊದಲ ಖರ್ಚು ಸರಿಯಾದ ಜಾಗಕ್ಕೇ ಹೋದಂತೆ. ಅದಕ್ಕೆ ಗೌರಮ್ಮನಷ್ಟು ದೊಡ್ಡ ಮನಸ್ಸು ಬೇಡ, ಎಂಟು ರೂಪಾಯಿಯಷ್ಟು ಮನಸ್ಸು ಸಾಕು.

"ಸರಿ, ಕೊಡ್ತೀನಿ," ಎಂದರು ಮಾವ. "ಆದ್ರೆ ಲೆಕ್ಕ ಕೇಳೋದು ಬಿಡಲ್ಲ."

ಲೆಕ್ಕ ಕೇಳುವವರೇ ಬೇಕಾದದ್ದು, ಟ್ರಸ್ಟಿಗೆ ನೀವೇ ಅಧ್ಯಕ್ಷರಾಗಿ ಎಂದೆ.

"ಸಂಬಳ ಎಷ್ಟು?"

"ಸೊನ್ನೆ, ಮಾವ."

"ಹಾಗಾದ್ರೆ ಅದನ್ನೂ ಮುಂದಿನ ಹತ್ತಕ್ಕೆ ಏರಿಸಿ ಕೊಡಿ," ಎಂದವರು, "ಆ ಹತ್ತು ರೂಪಾಯಿಗೆ ರಸೀದಿ ಮಾತ್ರ ಮರೀಬೇಡಿ" ಎಂದು ಸೇರಿಸಿದರು.