ದೊಡ್ಡಮ್ಮನ ಫೋನಿಗೆ ಇಳಿಯದ ಹಾಡು

ಗುರುವಾರ ಸಂಜೆ ನಾಲ್ಕೂವರೆ. ಲ್ಯಾಬ್ ಮುಗಿಸಿ ಕ್ಯಾಂಟೀನಲ್ಲಿ ಕೂತಿದ್ವಿ. ನಾಗಮಂಗಲದಿಂದ ದೊಡ್ಡಮ್ಮನ ಫೋನ್ ಬಂತು.

"ಏನವ್ವಾ, ಪಟ ಇಳ್ಕಂಡದೆ ಅಂತ ತೋರಿಸ್ತದೆ, ತೆಗುದ್ರೆ ಏನೂ ಇಲ್ವಲ್ಲ! ಭಾನ್ವಾರ ಮದ್ವೆ ಇಟ್ಕಂಡು ಈಗ ಹಾಡು ಎಲ್ಲಿಂದ ತರ್ಲಿ ನಾನು?"

ಫೋನ್ ಸ್ಪೀಕರ್‌ನಲ್ಲಿತ್ತು, ನಾಲ್ಕೂ ಜನ ಕೇಳಿಸ್ಕೊಂಡ್ವಿ. ಕಾಫಿ ಆರಿ ಹೋಯ್ತು.

ನಾವು ಅಂದ್ರೆ ಯಾರು ಅಂತ ಮೊದಲು ಹೇಳಿಬಿಡ್ತೀವಿ. ಕನ್ನಡ ಬಳಗದಲ್ಲಿ ನಮ್ಮನ್ನ ಹೆಸರು ಹಿಡಿದು ಯಾರೂ ಕರೆಯಲ್ಲ. ಪಟ್ಟಣ, ಪಾಂಡವ, ಪೇಟೆ, ನಾಗಮಂಗಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನಿಂದ ಒಬ್ಬೊಬ್ಬರು ಒಂದೇ ಬ್ರಾಂಚಿಗೆ ಬಂದು ಬಿದ್ದಿದ್ದೀವಿ. ದಿನಾ ಜಗಳ. ಪೇಟೆಯವನು "ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ್ದು ನಮ್ಮ ಕಿಕ್ಕೇರೀಲಿ" ಅಂತಾನೆ. ಪಾಂಡವ ತಕ್ಷಣ ಮೇಲುಕೋಟೆ, ಪು.ತಿ.ನ. ಅಂತ ಶುರು ಮಾಡ್ತಾನೆ. ಪಟ್ಟಣದವನಿಗೆ ರಂಗನಾಥಸ್ವಾಮಿ ದೇವಸ್ಥಾನ, ರಂಗನತಿಟ್ಟು ಇದ್ರೆ ಸಾಕು. ನಾಗಮಂಗಲದವಳು ಕಂಬದಹಳ್ಳಿ ಬಸದಿ ನೋಡದೇ ಇರೋರ ಹತ್ರ ಮಾತೇ ಆಡಲ್ಲ. ಇಷ್ಟೆಲ್ಲಾ ಜಂಬ ಇದ್ರೂ ನಾಲ್ಕೂ ಜನ ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಒಂದು ಪುಟ ಓದೋಕೆ ಈಗಲೂ ಬೆರಳಿಡ್ತೀವಿ. ಈ ಲೇಖನದಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಎರಡನೇ ವರ್ಷದ ಮಿನಿ ಪ್ರಾಜೆಕ್ಟಿಗೆ ನಾವು ತಗೊಂಡಿದ್ದು ಒಂದು ಸಣ್ಣ ವೆಬ್‌ಸೈಟ್. ನಮ್ಮ ನಾಲ್ಕು ತಾಲ್ಲೂಕಿನ ಮನೆಗಳಲ್ಲಿರೋ ಹಾಡಿನ ಪುಸ್ತಕ, ಹಳೇ ಕಾಗದ, ಫೋಟೊ ಎಲ್ಲಾ ಒಂದು ಕಡೆ ಇಡೋದು, ಯಾರು ಬೇಕಾದ್ರೂ ಇಳಿಸ್ಕೊಳ್ಳೋ ಹಾಗೆ ಮಾಡೋದು. ಮೊದಲು ಬಂದಿದ್ದೇ ನಾಗಮಂಗಲದವಳ ಅಜ್ಜಿಯ ನೋಟ್‌ಬುಕ್. ಸೋಬಾನೆ ಪದ, ಹಸೆಗೆ ಕರೆಯೋ ಹಾಡು, ಅರಿಶಿಣ ಹಚ್ಚೋವಾಗಿನ ಹಾಡು, ಎಲ್ಲಾ ಅಜ್ಜಿಯ ಕೈಬರಹ. 62 ಪುಟ. ಮೊಬೈಲಲ್ಲಿ ಫೋಟೊ ತೆಗೆದು ಸರ್ವರ್‌ಗೆ ಹಾಕಿದ್ವಿ. ಮೊಬೈಲಲ್ಲಿ ಜಾಗ ಇಲ್ಲ ಅಂತ ಅಲ್ಲಿಂದ ಅಳಿಸಿದ್ವಿ. ಎರಡು ತಿಂಗಳಾದ ಮೇಲೆ ಊರಲ್ಲಿ ಟ್ರಂಕ್ ತೆಗೆದು ನೋಡಿದ್ರೆ ನೋಟ್‌ಬುಕ್ಕಿಗೆ ಗೆದ್ದಲು ಹಿಡಿದಿತ್ತು. ಅಜ್ಜಿ ತೀರ್ಕೊಂಡು ಮೂರು ವರ್ಷ ಆಗಿದೆ. ಅಂದ್ರೆ ಆ ಹಾಡುಗಳು ಉಳಿದಿದ್ದು ನಮ್ಮ ಸರ್ವರ್‌ನಲ್ಲಿ ಮಾತ್ರ. ಅದನ್ನೇ ದೊಡ್ಡಮ್ಮ "ಏನೂ ಇಲ್ವಲ್ಲ" ಅಂದಿದ್ದು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳ್ಬೇಕು. ಬೇಸರ ಮಾಡ್ಕೋಬೇಡಿ.

ಬ್ರೌಸರ್‌ಗೆ ಫೋಟೊ ಸಿಕ್ಕಿದ್ರೆ ಅದು ಅಲ್ಲೇ ತೆರೆದು ತೋರಿಸುತ್ತೆ. ತೋರಿಸ್ಬೇಡ, ಉಳಿಸು ಅಂತ ಹೇಳೋಕೆ ಪಿಎಚ್‌ಪಿಯಲ್ಲಿ ಹೆಡರ್ ಕಳಿಸ್ಬೇಕು. ಕಂಟೆಂಟ್-ಟೈಪ್ ಅಂದ್ರೆ ಇದು ಯಾವ ಜಾತಿ ಫೈಲ್ ಅಂತ. ಕಂಟೆಂಟ್-ಡಿಸ್ಪೊಸಿಷನ್‌ನಲ್ಲಿ ಅಟ್ಯಾಚ್‌ಮೆಂಟ್ ಅಂತ ಬರೆದ್ರೆ ಉಳಿಸ್ಕೋ ಅಂತ, ಜೊತೆಗೆ ಫೈಲಿನ ಹೆಸರು. ಕಂಟೆಂಟ್-ಲೆಂಗ್ತ್ ಅಂದ್ರೆ ಎಷ್ಟು ಬೈಟ್ ಬರುತ್ತೆ ಅಂತ. ಇದಾದ ಮೇಲೆ ರೀಡ್‌ಫೈಲ್ ಅನ್ನೋ ಒಂದು ಸಾಲು ಫೈಲನ್ನ ಹಾಗೇ ಸುರಿಯುತ್ತೆ. ನಿಯಮ ಒಂದೇ: ಹೆಡರ್ ಮೊದಲು, ಉಳಿದಿದ್ದೆಲ್ಲಾ ಆಮೇಲೆ. ನಮ್ಮ ಕಡೆ ಮದುವೆ ಊಟದ ಹಾಗೆ. ಎಲೆ ಹಾಕೋಕೆ ಮುಂಚೆ ಒಂದು ಅಗುಳು ಅನ್ನ ಬಿದ್ರೂ ಬಿದ್ದಿದ್ದು ಬರೀ ಟೇಬಲ್ ಮೇಲೆ.

ನಮ್ಮ ಡೌನ್‌ಲೋಡ್ ಮುಂಚೆ ಚೆನ್ನಾಗೇ ಕೆಲಸ ಮಾಡ್ತಿತ್ತು. ಈಗ ಒಂದು ಫೋಟೊನೂ ತೆರೀತಿಲ್ಲ. ಫೈಲ್ ಇಳಿಯುತ್ತೆ, ಸೈಜ್ ಸರಿಯಾಗಿದೆ, ಒಂದು ಬೈಟೂ ಹೆಚ್ಚು ಕಮ್ಮಿ ಇಲ್ಲ. ತೆರೆದ್ರೆ "ಈ ಫೈಲ್ ತೆರೆಯಲು ಆಗುತ್ತಿಲ್ಲ". ಫೋಟೊಗಳು ಸರ್ವರ್‌ನಲ್ಲೇ ಹಾಳಾಗಿದ್ಯಾ? ಅದನ್ನ ನೋಡೋ ಪಾಸ್‌ವರ್ಡ್ ಇದ್ದಿದ್ದು ಒಬ್ಬ ಸೀನಿಯರ್ ಅಣ್ಣನ ಹತ್ರ. ಅವರು ಬಸ್ಸಲ್ಲಿದ್ರು, ಫೋನ್ ಸಿಗ್ತಿರಲಿಲ್ಲ. ಆ ರಾತ್ರಿ ನಾಲ್ಕು ಜನಕ್ಕೂ ನಿದ್ದೆ ಸರಿಯಾಗಿ ಬರಲಿಲ್ಲ. ನಾಗಮಂಗಲದವಳು ಗ್ರೂಪಲ್ಲಿ ಒಂದೇ ಒಂದು ಮೆಸೇಜ್ ಹಾಕಿದ್ದಳು: "ನಾನೇ ಅಳಿಸಿದ್ದು ಮೊಬೈಲಿಂದ." ಅದಕ್ಕೆ ಏನು ಉತ್ತರ ಕೊಡ್ಬೇಕು ಅಂತ ನಮಗೆ ಗೊತ್ತಾಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಣ್ಣ ನೋಡಿ ಹೇಳಿದ್ರು, ಸರ್ವರ್‌ನಲ್ಲಿ 62 ಫೋಟೊನೂ ಸರಿಯಾಗಿದೆ ಅಂತ. ಜೀವ ಬಂತು. ಹಾಗಾದ್ರೆ ಕೆಡ್ತಿರೋದು ದಾರಿಯಲ್ಲಿ. ಅವರು ಇನ್ನೊಂದು ಮಾತೂ ಹೇಳಿದ್ರು: "ಫೈಲ್ ಹೆಸರೆಲ್ಲಾ ಕನ್ನಡದಲ್ಲಿ ಇಟ್ಟಿದ್ದೀರಲ್ಲಾ, ಅದೇ ಪ್ರಾಬ್ಲಂ. ಇಂಗ್ಲಿಷ್ ಮಾಡಿ, ಸರಿ ಹೋಗುತ್ತೆ."

ನಾವು ಹೌದು ಅಂದ್ವಿ. ಆ ಹೌದು ಈಗಲೂ ಚುಚ್ಚುತ್ತೆ. ಚೆಕ್ ಮಾಡಲಿಲ್ಲ, ಪ್ರಶ್ನೆ ಕೇಳಲಿಲ್ಲ. ಏನಾದ್ರೂ ಕೆಟ್ಟರೆ ಕನ್ನಡದಿಂದಲೇ ಕೆಟ್ಟಿರ್ಬೇಕು ಅಂತ ನಮ್ಮ ತಲೆಯಲ್ಲಿ ಮೊದಲೇ ಕೂತಿತ್ತು. ಪೇಟೆಯವನು ಒಂದು ಫೋಟೊ ಹೆಸರನ್ನ ಇಂಗ್ಲಿಷಿಗೆ ಬದಲಾಯಿಸಿ ನೋಡಿದ. ಆಗಲೂ ತೆರೀಲಿಲ್ಲ. ಅಂದ್ರೆ ತಪ್ಪು ಹೆಸರಿಂದಲ್ಲ.

ಸುಳಿವು ಸಿಕ್ಕಿದ್ದು ನಾಗಮಂಗಲದವಳ ಲ್ಯಾಪ್‌ಟಾಪಿನಲ್ಲಿ. ನಾವು ಮೂರು ಜನ ಬಳಸೋದು ಎಕ್ಸಾಂಪ್. ಅವಳು ಮಾತ್ರ ಪಿಎಚ್‌ಪಿ ಜೊತೆಗೇ ಬರೋ ಸರ್ವರ್ ಓಡಿಸ್ತಾಳೆ. ಅದೇ ಕೋಡ್ ಅವಳ ಹತ್ರ ಫೈಲ್ ಇಳಿಸೋ ಬದಲು ಪರದೆ ತುಂಬಾ ಕಸ ತೋರಿಸ್ತು. ಕಸದ ಮೇಲೆ ಒಂದು ಎಚ್ಚರಿಕೆ: ಹೆಡರ್ ಬದಲಾಯಿಸೋಕೆ ಆಗಲ್ಲ, ಆಗಲೇ ಹೋಗಿಬಿಟ್ಟಿದೆ, ಔಟ್‌ಪುಟ್ ಶುರುವಾಗಿದ್ದು ಕಾನ್ಫಿಗ್ ಫೈಲಿನ 1ನೇ ಸಾಲಿನಲ್ಲಿ.

1ನೇ ಸಾಲಲ್ಲಿ ಪಿಎಚ್‌ಪಿ ಶುರುವಾಗೋ ಗುರುತು ಬಿಟ್ಟು ಏನೂ ಇಲ್ಲ. ಮುಂದೆ ಸ್ಪೇಸ್ ಇದ್ಯಾ? ಇಲ್ಲ. ಖಾಲಿ ಸಾಲು? ಇಲ್ಲ. ಅರ್ಧ ಗಂಟೆ ಆ ಒಂದು ಸಾಲನ್ನೇ ದುರುಗುಟ್ಟಿ ನೋಡಿದ್ವಿ. ನಮ್ಮ ಮೂವರ ಹತ್ರ ಈ ಎಚ್ಚರಿಕೆ ಯಾಕೆ ಬರ್ಲಿಲ್ಲ ಅನ್ನೋದಕ್ಕೆ ಉತ್ತರ ಎಕ್ಸಾಂಪ್‌ನ ಸೆಟ್ಟಿಂಗ್‌ನಲ್ಲಿತ್ತು. ಅಲ್ಲಿ ಔಟ್‌ಪುಟ್ ಬಫರಿಂಗ್ 4096 ಅಂತ ಇರುತ್ತೆ. ಅಂದ್ರೆ 4096 ಬೈಟ್ ತನಕ ಪಿಎಚ್‌ಪಿ ಏನನ್ನೂ ಹೊರಗೆ ಬಿಡದೆ ಹಿಡಿದಿಟ್ಕೊಳ್ಳುತ್ತೆ. ಹಾಗಾಗಿ ಹೆಡರ್ ಲೇಟಾಗಿ ಬಂದ್ರೂ ಮುಂದೆ ಹೋಗೋಕೆ ಜಾಗ ಸಿಗುತ್ತೆ. ತಪ್ಪು ಹೋಗಲ್ಲ, ಮುಚ್ಚಿ ಹೋಗುತ್ತೆ ಅಷ್ಟೇ. ನಮ್ಮ ಸರ್ವರ್‌ನಲ್ಲೂ ಹಾಗೇ ಇತ್ತು.

ಆಮೇಲೆ ಪಾಂಡವನಿಗೆ ಹೊಳೀತು, ಕೆಟ್ಟ ಫೋಟೊದ ಒಳಗೆ ಏನಿದೆ ಅಂತ ಬೈಟ್ ಲೆಕ್ಕದಲ್ಲಿ ನೋಡೋಣ ಅಂತ. ಜೆಪಿಜಿ ಫೈಲ್ ಯಾವಾಗಲೂ ಎಫ್‌ಎಫ್ ಡಿ8 ಅನ್ನೋ ಎರಡು ಬೈಟಿನಿಂದ ಶುರುವಾಗ್ಬೇಕು. ನಮ್ಮ ಫೋಟೊದಲ್ಲಿ ಅದಕ್ಕೂ ಮುಂಚೆ ಮೂರು ಬೈಟ್ ಇತ್ತು: ಇಎಫ್, ಬಿಬಿ, ಬಿಎಫ್. ಇದರ ಹೆಸರು ಬಾಮ್, ಬೈಟ್ ಆರ್ಡರ್ ಮಾರ್ಕ್. ಈ ಫೈಲ್ ಯುಟಿಎಫ್-8ರಲ್ಲಿದೆ ಅಂತ ಕೆಲವು ಎಡಿಟರ್‌ಗಳು ಫೈಲಿನ ತಲೆಗೆ ಅಂಟಿಸೋ ಚೀಟಿ. ಎಡಿಟರ್‌ನಲ್ಲಿ ಕಣ್ಣಿಗೆ ಕಾಣಲ್ಲ. ಆದ್ರೆ ಪಿಎಚ್‌ಪಿ ಪಾಲಿಗೆ ತನ್ನ ಗುರುತಿಗಿಂತ ಮುಂಚೆ ಇರೋದೆಲ್ಲಾ ಹೊರಗೆ ಕಳಿಸ್ಬೇಕಾದ ಮಾಲು.

ಸೈಜ್ ಸರಿ ಇದ್ದಿದ್ದು ಯಾಕೆ ಅಂತಲೂ ಆಗ ಅರ್ಥ ಆಯ್ತು. ಕಂಟೆಂಟ್-ಲೆಂಗ್ತ್‌ನಲ್ಲಿ ನಾವು ಮೂಲ ಫೋಟೊದ ಸೈಜ್ ಹೇಳಿದ್ವಿ. ಬ್ರೌಸರ್ ಅಷ್ಟೇ ತಗೊಳ್ಳುತ್ತೆ. ಮುಂದೆ ಮೂರು ಬೈಟ್ ನುಗ್ಗಿತು, ಹಿಂದೆ ಮೂರು ಬೈಟ್ ಉದುರಿತು, ಲೆಕ್ಕ ಸರಿ. ಬಸ್ಸಲ್ಲಿ ಟಿಕೆಟ್ ಇಲ್ಲದ ಮೂರು ಜನ ಮುಂದೆ ಹತ್ತಿ, ಟಿಕೆಟ್ ತಗೊಂಡ ಮೂರು ಜನ ಸ್ಟ್ಯಾಂಡಲ್ಲೇ ಉಳಿದ ಹಾಗೆ. ಕಂಡಕ್ಟರ್ ಬರೀ ತಲೆ ಎಣಿಸಿದ.

ಈ ಬಾಮ್ ಎಲ್ಲಿಂದ ಬಂತು? ಹಿಂದಿನ ವಾರ ಪಟ್ಟಣದವನು ಲ್ಯಾಬಿನ ಹಳೇ ಕಂಪ್ಯೂಟರಲ್ಲಿ ಕಾನ್ಫಿಗ್ ಫೈಲನ್ನ ನೋಟ್‌ಪ್ಯಾಡಲ್ಲಿ ತೆರೆದು, ಸೈಟಿನ ಹೆಸರನ್ನ ಇಂಗ್ಲಿಷಿಂದ ಕನ್ನಡಕ್ಕೆ ಬದಲಾಯಿಸಿದ್ದ. ಸೇವ್ ಮಾಡೋವಾಗ ಅದು ಕನ್ನಡ ಅಕ್ಷರ ಕಳೆದು ಹೋಗುತ್ತೆ ಅಂತ ಹೆದರಿಸಿದ್ದಕ್ಕೆ ಯುಟಿಎಫ್-8 ಆರಿಸಿದ್ದ. ಹಳೇ ನೋಟ್‌ಪ್ಯಾಡ್ ಯುಟಿಎಫ್-8 ಅಂದ್ರೆ ಬಾಮ್ ಸೇರಿಸಿಯೇ ಉಳಿಸ್ತಿತ್ತು. 2019ರ ವಿಂಡೋಸ್ 10 ಅಪ್‌ಡೇಟ್ ಆದ ಮೇಲೆ ಆ ಅಭ್ಯಾಸ ಬಿಟ್ಟಿದೆ.

"ನೋಡಿದ್ರಾ, ಕನ್ನಡ ಬರೆದಿದ್ದಕ್ಕೇ ಆಗಿದ್ದು" ಅಂದ ಪಟ್ಟಣದವನು, ಮುಖ ಸಣ್ಣ ಮಾಡ್ಕೊಂಡು.

ಅಲ್ಲಿ ದೊಡ್ಡ ವಾದ ಆಯ್ತು. ಕೊನೆಗೆ ನಾವು ಒಪ್ಪಿದ್ದು ಇಷ್ಟು. ಕನ್ನಡ 1991ರ ಯುನಿಕೋಡ್ ಮೊದಲ ಆವೃತ್ತಿಯಿಂದಲೇ ಇದೆ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಗುರುತಿಗೂ ಮೂರು ಬೈಟ್ ಬೇಕು, ಅದೂ ಸರಿಯಾಗಿ ಓದುತ್ತೆ. ಕಾಟ ಕೊಟ್ಟಿದ್ದು ಕನ್ನಡದ ಬೈಟಲ್ಲ, ಎಡಿಟರ್ ಅಂಟಿಸಿದ ಚೀಟಿ. ಇಂಗ್ಲಿಷ್ ಮಾತ್ರ ಇರೋ ಫೈಲನ್ನ ಹೀಗೆ ಉಳಿಸಿದ್ರೂ ಇದೇ ಗತಿ. ವಿಎಸ್ ಕೋಡ್‌ನಲ್ಲಿ ಕಾನ್ಫಿಗ್ ಫೈಲ್ ತೆರೆದ್ವಿ. ಕೆಳಗಿನ ಪಟ್ಟಿಯಲ್ಲಿ "ಬಾಮ್ ಸಹಿತ ಯುಟಿಎಫ್-8" ಅಂತ ಇಂಗ್ಲಿಷಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬಾಮ್ ಇಲ್ಲದ ಯುಟಿಎಫ್-8ರಲ್ಲಿ ಉಳಿಸಿದ್ವಿ. ಕನ್ನಡದ ಹೆಸರು ಅಲ್ಲೇ ಇತ್ತು. ಫೋಟೊ ತೆರೀತು. ಅಜ್ಜಿಯ ಅಕ್ಷರ ಕಾಣಿಸ್ತು. ನಾಗಮಂಗಲದವಳು ಎದ್ದು ನೀರು ಕುಡಿಯೋಕೆ ಅಂತ ಹೊರಗೆ ಹೋಗಿ ಹತ್ತು ನಿಮಿಷ ವಾಪಸ್ ಬರಲಿಲ್ಲ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ದೊಡ್ಡಮ್ಮನಿಗೆ ಫೋನ್ ಮಾಡಿದ್ವಿ. "ಬಂದದೆ ಕಣವ್ವ. ಆದ್ರೆ ಯಾವುದು ಯಾವ ಹಾಡು ಅಂತ ಹೆಂಗೆ ತಿಳ್ಕಳದು? ಹೆಸ್ರೆಲ್ಲಾ ಏನೇನೋ ಬಂದದೆ." ದೊಡ್ಡಮ್ಮನಿಗೆ ಕನ್ನಡ ಬಿಟ್ಟು ಬೇರೆ ಓದೋಕೆ ಬರಲ್ಲ. ಕನ್ನಡ ಹೆಸರಿಟ್ಟಿದ್ದೇ ಅವರಿಗೋಸ್ಕರ. ನಮ್ಮ ಬ್ರೌಸರಲ್ಲಿ ಸರಿ ಕಾಣೋ ಹೆಸರು ಅವರ ಫೋನಲ್ಲಿ ತಲೆ ಮೇಲೆ ಗೀಟು ಹಾಕಿದ ಇಂಗ್ಲಿಷ್ 'ಎ'ಗಳ ಸಾಲಾಗಿತ್ತು.

ಇದಕ್ಕೂ ಕಾರಣ ಇದೆ. ಹೆಡರ್‌ನ ಹಳೇ ಸಂಪ್ರದಾಯ ಪಶ್ಚಿಮ ಯುರೋಪಿನ ಅಕ್ಷರಗಳದ್ದು. ಅಲ್ಲಿ ಕನ್ನಡವನ್ನ ಹಾಗೇ ತುರುಕಿದ್ರೆ ಒಂದೊಂದು ಬ್ರೌಸರ್ ಒಂದೊಂದು ಥರ ಊಹೆ ಮಾಡುತ್ತೆ. ಸರಿಯಾದ ದಾರಿ 2011ರ ಆರ್‌ಎಫ್‌ಸಿ 6266ರಲ್ಲಿದೆ. ಫೈಲ್‌ನೇಮ್ ಅನ್ನೋ ಪದದ ಪಕ್ಕ ಒಂದು ನಕ್ಷತ್ರ ಹಾಕಿ, ಯುಟಿಎಫ್-8 ಅಂತ ಹೇಳಿ, ಎರಡು ಒಂಟಿ ಕೋಟ್ ಹಾಕಿ, ಹೆಸರನ್ನ ರಾ-ಯುಆರ್‌ಎಲ್-ಎನ್‌ಕೋಡ್ ಮಾಡಿ ಕೊಡ್ಬೇಕು. 'ಹಸೆ' ಅನ್ನೋ ಎರಡಕ್ಷರ ಹೀಗೆ ಮಾಡಿದ್ರೆ 27 ಅಕ್ಷರ ಆಗುತ್ತೆ. ಆಗ್ಲಿ ಬಿಡಿ. ರಾ ಇಲ್ಲದ ಬರೀ ಯುಆರ್‌ಎಲ್-ಎನ್‌ಕೋಡ್ ಬಳಸಿದ್ರೆ ಸ್ಪೇಸ್ ಇದ್ದಲ್ಲೆಲ್ಲಾ ಪ್ಲಸ್ ಬರುತ್ತೆ, ಅದನ್ನೂ ಮಾಡಿ ನೋಡಿದ್ವಿ. ನಕ್ಷತ್ರ ಅರ್ಥ ಆಗದ ಹಳೇ ಬ್ರೌಸರ್‌ಗಳಿಗೆ ಅಂತ ಪಕ್ಕದಲ್ಲಿ ಒಂದು ಸಾದಾ ಇಂಗ್ಲಿಷ್ ಹೆಸರೂ ಇಟ್ವಿ. ರಾತ್ರಿ ಎಂಟಕ್ಕೆ ದೊಡ್ಡಮ್ಮ ಫೋನ್ ಮಾಡಿ ಹೆಸರುಗಳನ್ನ ಒಂದೊಂದಾಗಿ ಓದಿ ಹೇಳಿದ್ರು. ನಮಗಿಂತ ಬೇಗ ಓದ್ತಾರೆ.

ಇನ್ನೊಂದು ವಿಷಯ ಮುಚ್ಚಿಡಬಾರದು. ಮುಂದಿನ ವಾರ ಪ್ರಾಜೆಕ್ಟ್ ತೋರಿಸಿದಾಗ ಸರ್ ಎಲ್ಲಾ ಕೇಳಿ ನಕ್ಕು, ವಿಳಾಸದಲ್ಲಿ ಫೋಟೊ ಹೆಸರಿದ್ದ ಜಾಗದಲ್ಲಿ ಎರಡು ಚುಕ್ಕಿ, ಒಂದು ಗೀಟು, ಕಾನ್ಫಿಗ್ ಫೈಲಿನ ಹೆಸರು ಟೈಪ್ ಮಾಡಿದ್ರು. ಆ ಫೈಲ್ ನೀಟಾಗಿ ಅವರ ಡೆಸ್ಕ್‌ಟಾಪಿಗೆ ಇಳೀತು. ರೀಡ್‌ಫೈಲ್ ಕೋಡನ್ನ ಓಡಿಸಲ್ಲ, ಇದ್ದ ಹಾಗೇ ಕೊಡುತ್ತೆ. ನಮ್ಮ ಡೇಟಾಬೇಸ್ ಪಾಸ್‌ವರ್ಡ್ ಅವರ ಮುಂದಿತ್ತು. ಯಾರಾದ್ರೂ ಅದನ್ನ ಹಿಡಿದು ಬಂದಿದ್ರೆ ಏನೇನು ಕಳ್ಕೊಳ್ತಿದ್ವೋ. ಅವತ್ತಿಂದ ವಿಳಾಸದಲ್ಲಿ ಫೈಲ್ ಹೆಸರು ಇಲ್ಲ, ಬರೀ ಒಂದು ನಂಬರ್. ಆ ನಂಬರ್ ಯಾವ ಫೈಲ್ ಅಂತ ಡೇಟಾಬೇಸಿನಲ್ಲಿದ್ರೆ ಮಾತ್ರ ಫೋಟೊ ಸಿಗುತ್ತೆ. ಮತ್ತೆ ಎಲ್ಲಾ ಫೋಟೊಗಳ ಎರಡು ಪ್ರತಿ ಬೇರೆ ಬೇರೆ ಕಡೆ ಇದೆ. ಇದನ್ನ ಮೊದಲ ದಿನವೇ ಮಾಡ್ಬೇಕಿತ್ತು.

ನಿಮ್ಮಲ್ಲಿ ಯಾರಾದ್ರೂ ಇದೇ ಗುಂಡಿಗೆ ಬಿದ್ರೆ, ನಮ್ಮಿಂದ ಮೂರು ಮಾತು. ಇಳಿದ ಫೈಲ್ ತೆರೀದೇ ಇದ್ರೆ ಅದನ್ನ ಮೊದಲು ನೋಟ್‌ಪ್ಯಾಡಲ್ಲಿ ತೆರೀರಿ, ಎಷ್ಟೋ ಸಲ ಪಿಎಚ್‌ಪಿಯ ದೂರು ಅದರೊಳಗೇ ಬರೆದಿರುತ್ತೆ. ಬರೀ ಪಿಎಚ್‌ಪಿ ಇರೋ ಫೈಲಿನ ಕೊನೆಯಲ್ಲಿ ಮುಚ್ಚೋ ಗುರುತು ಹಾಕ್ಬೇಡಿ, ಅದರ ಹಿಂದೆ ಉಳಿಯೋ ಖಾಲಿ ಸಾಲೂ ಇದೇ ಥರ ಕಾಟ ಕೊಡುತ್ತೆ. ಮೂರನೇದು, ಯಾರಾದ್ರೂ "ಕನ್ನಡ ತೆಗೀರಿ, ಸರಿ ಹೋಗುತ್ತೆ" ಅಂದ್ರೆ ತಕ್ಷಣ ಹೌದು ಅನ್ಬೇಡಿ. ಮೊದಲು ಬೈಟ್ ನೋಡಿ.

ಭಾನುವಾರ ಮದುವೆಗೆ ನಾಲ್ಕೂ ಜನ ಹೋಗಿದ್ವಿ. ಹಸೆಗೆ ಕರೆಯೋ ಹೊತ್ತಿಗೆ ದೊಡ್ಡಮ್ಮ ಕನ್ನಡಕ ಹಾಕ್ಕೊಂಡು, ಫೋನನ್ನ ಒಂದು ಮೊಳ ದೂರ ಹಿಡಿದು ಶುರು ಮಾಡಿದ್ರು. ಎರಡನೇ ನುಡಿಗೆ ಸ್ಕ್ರೀನ್ ಆಫ್ ಆಯ್ತು. ಅವರು ನಿಲ್ಲಿಸಲಿಲ್ಲ. ಮಿಕ್ಕಿದ್ದು ಅವರಿಗೆ ನೆನಪಿತ್ತು.