ವರ್ಣ ಮುಗಿದ ಮೇಲೆ ಏನು?

ಈಚೆಗೆ ರಾಮನಗರದ ಒಂದು ನೃತ್ಯಸಂಜೆಗೆ ಭರತನಾಟ್ಯ ಮತ್ತು ಸಮಕಾಲೀನ ನೃತ್ಯವನ್ನು ಜೋಡಿಸುತ್ತ, ವರ್ಣದ ಬೆನ್ನಿಗೆ ಪೂಜಾ ಕುಣಿತ ಇಟ್ಟೆ. ಆ ಖುಷಿ ಇನ್ನೂ ಇಳಿದಿಲ್ಲ. ನಟ್ಟುವಾಂಗದ ಕೊನೆಯ ಏಟಿನ ಲಯವನ್ನೇ ಸಭೆಯ ಹಿಂದಿನಿಂದ ತಮಟೆ ಎತ್ತಿಕೊಂಡಿತು. ‘ಪೂಜೆ’ ಎಂಬ ಅಲಂಕೃತ ಚೌಕಟ್ಟನ್ನು ತಲೆಯ ಮೇಲೆ ಹೊತ್ತವರು ಜನರ ನಡುವೆ ಹಾದು ರಂಗ ಹತ್ತಿದರು. ತಮಟೆ ನಿಂತೊಡನೆ ಸಮಕಾಲೀನ ನರ್ತಕಿ ಸಂಗೀತವಿಲ್ಲದೆ, ಬರಿಯ ಉಸಿರಿನ ಸದ್ದಿನಲ್ಲಿ ಶುರುಮಾಡಿದಳು. ಅರೆಮಂಡಿಯಲ್ಲೂ ನೆಟ್ಟಗೆ ನಿಂತ ಬೆನ್ನು, ತಲೆಯ ಮೇಲಿನ ಭಾರವನ್ನು ಕೈ ಮುಟ್ಟದೆ ಆಳುವ ಕತ್ತು, ಆ ಭಾರವನ್ನೆಲ್ಲ ನೆಲಕ್ಕೆ ಬಿಟ್ಟುಕೊಡುವ ಮೈ: ಮೂರೂ ಒಂದರ ಹಿಂದೊಂದು ಬಂದಾಗ ನಿರೂಪಕರು ಬಾಯಿ ತೆರೆಯಬೇಕಿಲ್ಲ.

ಮದ್ರಾಸಿನಲ್ಲಿ ನೃತ್ಯ ಸಂಯೋಜಕಿ ಚಂದ್ರಲೇಖಾ 1985ರ ‘ಆಂಗಿಕ’ದಲ್ಲಿ ಭರತನಾಟ್ಯ, ಕಳರಿ, ಯೋಗಗಳನ್ನು ಒಟ್ಟಿಗೆ ತಂದದ್ದು ದೇಹದ ಕಸುವನ್ನು ಹುಡುಕುತ್ತ. ತಿಲ್ಲಾನಕ್ಕೆ ಡ್ರಮ್ ಮಷಿನ್ ಕಟ್ಟಿ ‘ಫ್ಯೂಷನ್’ ಅನ್ನುವವರು ಏನು ಹುಡುಕುತ್ತಿದ್ದಾರೆ?

ಅದನ್ನಾದರೂ ಸಹಿಸಬಹುದು. ಪೂಜಾ ಕುಣಿತದವರನ್ನು ಬಾಗಿಲಲ್ಲಿ ಕುಣಿಸಿ, ಗಣ್ಯರು ಒಳಗೆ ಹೋದ ಮೇಲೆ ಊಟದ ಚೀಟಿ ಕೊಟ್ಟು ಕಳಿಸುವುದನ್ನು ಸಹಿಸಲಾರೆ. ಆಹ್ವಾನ ಪತ್ರಿಕೆಯಲ್ಲಿ ಬೆಳಕಿನವರ ಹೆಸರಿರುತ್ತದೆ, ಪ್ರಸಾಧನದವರ ಹೆಸರಿರುತ್ತದೆ. ಇವರು ಬರಿಯ ‘ಜಾನಪದ ತಂಡ’. ಎಚ್.ಎಲ್. ನಾಗೇಗೌಡರು 1994ರಲ್ಲಿ ಜಾನಪದ ಲೋಕ ಕಟ್ಟಿದ ಊರಲ್ಲೂ ಹೀಗೆಯೇ ನಡೆಯುವುದು ನಾಚಿಕೆಗೇಡು. ಇವರಿಗೂ ತಾಲೀಮಿಗೆ ಸಮಯ ಕೊಡಿ, ಬಣ್ಣದ ಕೋಣೆ ಕೊಡಿ, ನರ್ತಕಿಗೆ ಕೊಡುವಷ್ಟೇ ಸಂಭಾವನೆ ಕೊಡಿ. ರಂಗದ ಮೇಲಂಚಿನ ಪರದೆಯನ್ನು ಎತ್ತಿ ಕಟ್ಟಿಸಿ, ಪೂಜೆಯ ತುದಿ ಸಿಕ್ಕಿಕೊಳ್ಳಬಾರದು.

ಈಗ ತಲೆಯಲ್ಲಿರುವುದು ಪಟ ಕುಣಿತ. ಆ ಉದ್ದನೆಯ ಬಿದಿರಿನ ಪಟಗಳು ಯಾವ ಸಭಾಂಗಣಕ್ಕೂ ಒಗ್ಗವು, ಬಯಲು ರಂಗವೇ ಬೇಕು. ಬಯಲೆಂದರೆ ನೆಲದ ಚಿಂತೆ. ಕಲ್ಲು ಚಪ್ಪಡಿಯ ಮೇಲೆ ಉರುಳಿದರೆ ಸಮಕಾಲೀನದವರ ಮಂಡಿ, ಭುಜ ತರಚಿಹೋಗುತ್ತವೆ. ಮ್ಯಾಟ್ ಹಾಸಿದರೆ ತಟ್ಟಡವಿನ ಸದ್ದು ಸತ್ತುಹೋಗುತ್ತದೆ, ಗೆಜ್ಜೆಯಷ್ಟೇ ಉಳಿಯುತ್ತದೆ. ಗೆಜ್ಜೆಗೆ ಮೈಕ್ ಇಡಿ ಅನ್ನುತ್ತಾರೆ ಧ್ವನಿವರ್ಧಕದವರು. ಪಾದ ನೆಲಕ್ಕೆ ಬಡಿಯುವ ಸದ್ದು ನನಗೆ ಪಾದದಿಂದಲೇ ಬರಬೇಕು. ಅದಕ್ಕೇ ರಂಗದ ಎಡ ಅರ್ಧಕ್ಕೆ ಮರದ ಹಲಗೆ, ಬಲ ಅರ್ಧಕ್ಕೆ ಮ್ಯಾಟ್, ಪಟದವರಿಗೆ ಕೆಳಗಿನ ಮಣ್ಣು ಎಂದು ನಕ್ಷೆ ಬರೆದಿದ್ದೇನೆ. ಹಲಗೆಯ ಅಂಚೂ ಮ್ಯಾಟಿನ ಅಂಚೂ ಸೇರುವಲ್ಲಿ ಯಾರೂ ಎಡವದಂತೆ ಮಾಡುವುದೊಂದು ಬಾಕಿ.