ಡಿಟ್-ಡಾ ಡೈರಿ 4: ನೋಡಿ ಅಲ್ಲ, ಕೇಳಿ ತಗೊಳ್ಳಿ

ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು. ಬರೋದು ಒಂದೇ ಹಳೇ ಸೆಟ್. ಎದುರಿಗೆ ಎರಡು ಹೀತ್‌ಕಿಟ್. ಎಚ್‌ಡಬ್ಲ್ಯೂ-101: ವಾಲ್ವ್ ಸೆಟ್, ಹತ್ತಿರಹತ್ತಿರ 100 ವ್ಯಾಟ್. ಎಚ್‌ಡಬ್ಲ್ಯೂ-8: ಪುಟ್ಟದು, ಬರೀ ಮೋರ್ಸ್, ಸುಮಾರು 2 ವ್ಯಾಟ್. ನನ್ನ ಕಣ್ಣು ದೊಡ್ಡದರ ಮೇಲೆ.

ಹೆಡ್‌ಫೋನ್ ಹಾಕ್ಕೊಂಡೆ. ದೊಡ್ಡದು ಬಿಸಿಯಾಗ್ತಾ ಸ್ವರ ಜಾರ್ತಿತ್ತು. ಮೋರ್ಸ್‌ಗೆ ಬೇಕಾದ 400 ಹರ್ಟ್ಸ್ ಫಿಲ್ಟರೂ ಹಾಕಿಸಿರಲಿಲ್ಲ. ಒಂದರ ಮೇಲೊಂದು ಸ್ಟೇಷನ್. ಚಿಕ್ಕದರಲ್ಲಿ ಸ್ವಿಚ್ಚನ್ನು ‘ನ್ಯಾರೋ’ಗೆ ಹಾಕಿದೆ. ಗದ್ದಲ ಸರಿದು ಡಿಟ್-ಡಾ ಸ್ಪಷ್ಟವಾಯ್ತು. ಅದನ್ನೇ ತಂದೆ.

2 ವ್ಯಾಟ್‌ಗೆ ಉತ್ತರ ಬರೋಕೆ ಹನ್ನೊಂದು ರಾತ್ರಿ ಬೇಕಾಯ್ತು. ‘ತಪ್ಪು ಮಾಡಿದ್ನಾ’ ಅಂತ ದಿನಾ ಅನ್ನಿಸ್ತಿತ್ತು. ಕೊನೆಗೆ ನನ್ನದೇ ಕಾಲ್‌ಸೈನ್ ವಾಪಸ್ ಕೇಳಿಸಿದಾಗ ಕೈ ನಡುಗಿ, ಸ್ವಂತ ಹೆಸರನ್ನೇ ತಪ್ಪಾಗಿ ಹೊಡೆದೆ!

ನೀವೂ ಹಳೇ ಸೆಟ್ ತಗೊಳ್ಳೋಕೆ ಹೋದ್ರೆ, ವ್ಯಾಟ್ ಆಮೇಲೆ ಕೇಳಿ. ಮೊದಲು ಅರ್ಧ ಗಂಟೆ ಸೆಟ್ ಕೇಳಿ.